ಅಪರಿಚಿತರ ಸ್ನೇಹವಿನಂತಿ: ಅಂಗೀಕಾರಕ್ಕೆ ಮುನ್ನ ಪರಿಶೀಲನೆ

ಹೊಸ ಗಿರಾಕಿಯೊಬ್ಬರು ಉದ್ರಿಯಲ್ಲಿ ಸರಕು ಕೇಳಿದಾಗ ‘ತಾವು ಯಾರ ಪೈಕಿ?’ ಎಂದು ವಿಚಾರಿಸುವುದು ನಮ್ಮ ಪೇಟೆಗಳ ಹಳೆಯ ರೂಢಿ. ಊರು ಯಾವುದು, ಅಂಗಡಿ ಎಲ್ಲಿದೆ, ಯಾವ ದಲಾಲರ ಪರಿಚಯವಿದೆ, ಹಿಂದೆ ಯಾರೊಡನೆ ವ್ಯವಹಾರ ನಡೆಸಿದ್ದಾರೆ ಎಂಬುದನ್ನು ತಿಳಿಯದೆ ಒಂದು ಚೀಲ ಸರಕನ್ನೂ ಲಾರಿಗೆ ಏರಿಸದ ವರ್ತಕರು, ಫೇಸ್‌ಬುಕ್‌ನಲ್ಲಿಯೋ ಲಿಂಕ್ಡ್‌ಇನ್‌ನಲ್ಲಿಯೋ ಅಪರಿಚಿತರಿಂದ ಬಂದ ಸ್ನೇಹವಿನಂತಿಯನ್ನು, ಎಂದರೆ ‘ಫ್ರೆಂಡ್ ರಿಕ್ವೆಸ್ಟ್’ ಅನ್ನು, ಒಮ್ಮೆ ಬೆರಳೊತ್ತಿ ಅಂಗೀಕರಿಸಿಬಿಡುತ್ತಾರೆ. ಹಣ ಕೊಡುವ ಪ್ರಸಂಗವಲ್ಲವಲ್ಲ, ಕೇವಲ ಪರಿಚಯವಲ್ಲವೇ ಎಂಬುದು ಸಾಮಾನ್ಯವಾಗಿ ಕೇಳಿಬರುವ ಸಮಾಧಾನ.

ಈ ಸಮಾಧಾನ ಎರಡು ಕಾರಣಗಳಿಂದ ಸರಿಯಲ್ಲ. ಮೊದಲನೆಯದಾಗಿ, ವ್ಯಾಪಾರಸ್ಥರ ಸ್ನೇಹಿತರ ಪಟ್ಟಿ ಎಂದರೆ ಬಹುಮಟ್ಟಿಗೆ ಅವರ ಗಿರಾಕಿಗಳ, ಸರಬರಾಜುದಾರರ ಮತ್ತು ಬಂಧುಗಳ ಪಟ್ಟಿಯೇ ಆಗಿರುತ್ತದೆ. ಆ ಪಟ್ಟಿ, ಕಾರ್ಖಾನೆಯ ಹೊಸ ಯಂತ್ರದ ಭಾವಚಿತ್ರ, ಮಾಲೀಕರು ಕುಟುಂಬಸಮೇತ ಪರಸ್ಥಳಕ್ಕೆ ಹೋಗಿರುವ ಸುದ್ದಿ ಇವೆಲ್ಲವೂ ಸ್ನೇಹಿತನಾದವನ ಕಣ್ಣಿಗೆ ಬೀಳುತ್ತವೆ. ಎರಡನೆಯದು ಇದಕ್ಕಿಂತ ಗಂಭೀರ. ನಾವು ಅಂಗೀಕರಿಸಿದ ಕ್ಷಣದಿಂದ ಆತನ ಮುಂದಿನ ವಿನಂತಿಯಲ್ಲಿ ನಮ್ಮ ಹೆಸರು ‘ಉಭಯರ ಸ್ನೇಹಿತ’ ಎಂದು ಕಾಣಿಸಿಕೊಳ್ಳುತ್ತದೆ. ನಮ್ಮ ಗಿರಾಕಿಯ ದೃಷ್ಟಿಯಲ್ಲಿ ನಾವು ಆತನಿಗೆ ಜಾಮೀನು ನಿಂತಂತೆಯೇ ಸರಿ. ಬ್ಯಾಂಕಿನಲ್ಲಿ ಜಾಮೀನುಪತ್ರಕ್ಕೆ ಸಹಿ ಹಾಕುವ ಮುನ್ನ ಎಷ್ಟು ಯೋಚಿಸುತ್ತೇವೆಯೋ ಅದರ ಹತ್ತನೆಯ ಒಂದು ಭಾಗದಷ್ಟಾದರೂ ಇಲ್ಲಿ ಯೋಚಿಸುವುದು ಯುಕ್ತ.

ಹಾಗೆಂದು ಬರುವ ವಿನಂತಿಗಳನ್ನೆಲ್ಲ ತಿರಸ್ಕರಿಸಿ ಎಂದು ಹೇಳುವುದು ಈ ಲೇಖನದ ಉದ್ದೇಶವಲ್ಲ. ಸಣ್ಣ ಉದ್ಯಮಿಗಳಿಗೆ ಹೊರರಾಜ್ಯದ ಮತ್ತು ಹೊರದೇಶದ ವಿಚಾರಣೆಗಳು ಈ ಮಾಧ್ಯಮಗಳ ಮೂಲಕವೂ ಬರುತ್ತಿವೆ. ವಿನಂತಿಯ ಹಿಂದೆ ಇರುವವರು ಯಾರು ಎಂಬುದನ್ನು ಲೆಕ್ಕಪರಿಶೋಧನೆಯ ಕ್ರಮದಲ್ಲಿ ಪರಿಶೀಲಿಸುವುದು ಹೇಗೆ ಎಂಬುದಷ್ಟೇ ಇಲ್ಲಿನ ವಿಷಯ.

ಪ್ರೊಫೈಲ್ ಎಂಬುದು ಹೇಳಿಕೆ ಮಾತ್ರ

ಭಾರತೀಯ ಸನ್ನದು ಲೆಕ್ಕಪರಿಶೋಧಕರ ಸಂಸ್ಥೆಯು ಹೊರಡಿಸಿರುವ ಲೆಕ್ಕಪರಿಶೋಧನಾ ಮಾನಕಗಳಲ್ಲಿ 500ನೆಯದು ಸಾಕ್ಷ್ಯವನ್ನು ಕುರಿತದ್ದು. ಪರಿಶೋಧನೆಗೆ ಒಳಪಡುವ ಸಂಸ್ಥೆಯೇ ಸಿದ್ಧಪಡಿಸಿದ ದಾಖಲೆಗಿಂತ, ಅದರ ಹತೋಟಿಯಲ್ಲಿಲ್ಲದ ಸ್ವತಂತ್ರ ಮೂಲದಿಂದ ದೊರೆತ ದಾಖಲೆ ಹೆಚ್ಚು ವಿಶ್ವಾಸಾರ್ಹ ಎಂಬುದು ಅದರ ತಿರುಳು. 505ನೆಯ ಮಾನಕವು ಬಾಹ್ಯ ದೃಢೀಕರಣವನ್ನು ಕುರಿತದ್ದು. ಬ್ಯಾಂಕಿನ ಶಿಲ್ಕನ್ನಾಗಲಿ ಗಿರಾಕಿಯ ಬಾಕಿಯನ್ನಾಗಲಿ ದೃಢಪಡಿಸಿಕೊಳ್ಳುವಾಗ ಪತ್ರ ಕಳಿಸುವುದು ಮತ್ತು ಉತ್ತರ ಪಡೆಯುವುದು ಎರಡೂ ಪರಿಶೋಧಕನ ಹತೋಟಿಯಲ್ಲಿಯೇ ನಡೆಯಬೇಕು. ಗುಮಾಸ್ತರೇ ತಂದುಕೊಟ್ಟ ದೃಢೀಕರಣ ಪತ್ರಕ್ಕೆ ಆ ಬೆಲೆ ಇಲ್ಲ.

ಸಾಮಾಜಿಕ ಜಾಲತಾಣದ ಪ್ರೊಫೈಲಿಗೂ ಇದೇ ಅಳತೆಗೋಲು. ಹೆಸರು, ಭಾವಚಿತ್ರ, ಹುದ್ದೆ, ವಿದ್ಯಾರ್ಹತೆ, ಊರು ಇವನ್ನೆಲ್ಲ ಬರೆದವನು ವಿನಂತಿ ಕಳಿಸಿದವನೇ. ಅವುಗಳನ್ನು ಎಷ್ಟು ಸಲ ಓದಿದರೂ ಸಾಕ್ಷ್ಯ ಹೆಚ್ಚುವುದಿಲ್ಲ. ಆದ್ದರಿಂದ ಪರಿಶೀಲನೆ ಎಂದರೆ ಆತ ಬರೆಯಲಾಗದ, ತಿದ್ದಲಾಗದ ಕಡೆ ಏನಿದೆ ಎಂದು ಹುಡುಕುವುದು.

ರಾಬಿನ್ ಸೇಜ್ ಪ್ರಯೋಗ

ಇದನ್ನು ಚೆನ್ನಾಗಿ ತೋರಿಸಿಕೊಟ್ಟ ಒಂದು ಪ್ರಯೋಗ ಅಮೆರಿಕೆಯಲ್ಲಿ ನಡೆಯಿತು. ಥಾಮಸ್ ರಯಾನ್ ಎಂಬ ಭದ್ರತಾ ತಜ್ಞರು 2009ರ ಕೊನೆಯಲ್ಲಿ ‘ರಾಬಿನ್ ಸೇಜ್’ ಎಂಬ ಕಲ್ಪಿತ ಯುವತಿಯ ಹೆಸರಿನಲ್ಲಿ ಫೇಸ್‌ಬುಕ್, ಲಿಂಕ್ಡ್‌ಇನ್ ಮತ್ತು ಟ್ವಿಟರ್ ಖಾತೆಗಳನ್ನು ತೆರೆದರು. ವಯಸ್ಸು 25, ಎಂಐಟಿಯ ಪದವೀಧರೆ, ಅಮೆರಿಕದ ನೌಕಾಪಡೆಯಲ್ಲಿ ಸೈಬರ್ ಅಪಾಯಗಳ ವಿಶ್ಲೇಷಕಿ, 10 ವರ್ಷಗಳ ಅನುಭವ ಎಂದು ವಿವರ ನೀಡಲಾಗಿತ್ತು. ಭಾವಚಿತ್ರವನ್ನು ಬೇರೊಂದು ಜಾಲತಾಣದಿಂದ ತೆಗೆದುಕೊಳ್ಳಲಾಗಿತ್ತು. 28 ದಿನಗಳಲ್ಲಿ ಸುಮಾರು 300 ಮಂದಿ ಆಕೆಯ ಸಂಪರ್ಕಕ್ಕೆ ಬಂದರು. ಅವರಲ್ಲಿ ಸೇನೆಯವರು, ಗುಪ್ತಚರ ಇಲಾಖೆಯವರು, ಭದ್ರತಾ ಕಂಪನಿಗಳವರು ಇದ್ದರು. ಕೆಲವರು ಉದ್ಯೋಗ ನೀಡಲು ಮುಂದಾದರು, ಕೆಲವರು ತಮ್ಮ ಬರಹಗಳನ್ನು ಅಭಿಪ್ರಾಯಕ್ಕೆಂದು ಕಳಿಸಿದರು. 2010ರಲ್ಲಿ ಲಾಸ್ ವೇಗಾಸ್‌ನ ‘ಬ್ಲ್ಯಾಕ್ ಹ್ಯಾಟ್’ ಸಮ್ಮೇಳನದಲ್ಲಿ ರಯಾನ್ ಈ ಫಲಿತಾಂಶವನ್ನು ಮಂಡಿಸಿದರು.

ಮೋಸವನ್ನು ಹಿಡಿಯಲು ಬೇಕಾದ ಸಂಗತಿಗಳೆಲ್ಲವೂ ಪ್ರೊಫೈಲಿನಲ್ಲಿಯೇ ಇದ್ದವು ಎಂಬುದು ಗಮನಾರ್ಹ. 25 ವರ್ಷದವಳಿಗೆ 10 ವರ್ಷಗಳ ಅನುಭವವಿದ್ದರೆ 15ನೆಯ ವಯಸ್ಸಿಗೇ ಆಕೆ ಕೆಲಸಕ್ಕೆ ಸೇರಿರಬೇಕು. ಒಂದು ವ್ಯವಕಲನದ ಲೆಕ್ಕ. ಇನ್ನು ‘ರಾಬಿನ್ ಸೇಜ್’ ಎಂಬುದು ಅಮೆರಿಕದ ಸೇನೆಯ ವಿಶೇಷ ಪಡೆಗಳ ತರಬೇತಿ ಕವಾಯತಿನ ಹೆಸರು. ಸೇನೆಯವರಿಗೇ ಅದು ಹೊಳೆಯಲಿಲ್ಲ! ಕೆಲವರು ಮಾತ್ರ ಸಂಶಯಪಟ್ಟು ಎಂಐಟಿಯ ಹಳೆಯ ವಿದ್ಯಾರ್ಥಿಗಳ ಪಟ್ಟಿಯನ್ನೂ ದೂರವಾಣಿ ಸಂಖ್ಯೆಯನ್ನೂ ಪರಿಶೀಲಿಸಿದರು. ಅವರಿಗೆ ಕೂಡಲೇ ನಿಜ ತಿಳಿಯಿತು. ಉಳಿದವರು ತಮಗಿಂತ ಮೊದಲು ಅಂಗೀಕರಿಸಿದವರ ಹೆಸರುಗಳನ್ನು ನೋಡಿ ತಾವೂ ಅಂಗೀಕರಿಸಿದರು. ಉಭಯ ಸ್ನೇಹಿತರ ಸಂಖ್ಯೆ ಹತ್ತಿರಲಿ ನೂರಿರಲಿ, ಆ ನೂರು ಮಂದಿಯಲ್ಲಿ ಒಬ್ಬರಾದರೂ ಆತನನ್ನು ಎದುರಿಗೆ ಕಂಡಿದ್ದಾರೆಯೇ ಎಂಬುದು ಮುಖ್ಯ. ಆದ್ದರಿಂದ ಪಟ್ಟಿಯಲ್ಲಿರುವ ನಿಮ್ಮ ನಂಬಿಕೆಯ ಇಬ್ಬರಿಗೆ ದೂರವಾಣಿ ಮಾಡಿ, ‘ಇವರು ನಿಮಗೆ ಹೇಗೆ ಪರಿಚಯ?’ ಎಂದು ಕೇಳುವುದು ಮೊದಲ ಹೆಜ್ಜೆಯಾಗಲಿ. ‘ನನಗೂ ಗೊತ್ತಿಲ್ಲ, ನಿಮ್ಮ ಸ್ನೇಹಿತರಿರಬೇಕೆಂದು ತಿಳಿದು ಒಪ್ಪಿಕೊಂಡೆ’ ಎಂಬ ಉತ್ತರ ಬಂದರೆ ಆಶ್ಚರ್ಯಪಡಬೇಕಾಗಿಲ್ಲ.

ಭಾವಚಿತ್ರದ ಪರೀಕ್ಷೆ ಮತ್ತು ಅದರ ಮಿತಿ

ಭಾವಚಿತ್ರವನ್ನು ಗೂಗಲ್ ಲೆನ್ಸ್ ಅಥವಾ ಟಿನ್‌ಐ ಎಂಬ ಸೇವೆಗೆ ಕೊಟ್ಟರೆ ಅದೇ ಚಿತ್ರ ಅಂತರ್ಜಾಲದಲ್ಲಿ ಬೇರೆಲ್ಲಿ ಇದೆ ಎಂಬುದು ತಿಳಿಯುತ್ತದೆ. ಕದ್ದ ಚಿತ್ರವಾದರೆ ಬೇರೊಂದು ಹೆಸರಿನೊಡನೆ ಸಿಕ್ಕಿಬೀಳುವ ಸಂಭವ ಹೆಚ್ಚು. 2017ರಲ್ಲಿ ಸೆಕ್ಯೂರ್‌ವರ್ಕ್ಸ್ ಎಂಬ ಭದ್ರತಾ ಕಂಪನಿಯು ‘ಮಿಯಾ ಆ್ಯಶ್’ ಎಂಬ ಲಂಡನ್ನಿನ ಛಾಯಾಗ್ರಾಹಕಿಯ ಪ್ರೊಫೈಲ್ ಪೂರ್ತಿ ಕಲ್ಪಿತವೆಂದು ಬಯಲಿಗೆಳೆಯಿತು. ಚಿತ್ರಗಳು ಬೇರೊಬ್ಬ ಮಹಿಳೆಯವು, ಉದ್ಯೋಗದ ವಿವರ ಇನ್ನೊಬ್ಬರ ಪ್ರೊಫೈಲಿನಿಂದ ನಕಲು ಮಾಡಿದ್ದು. ಈ ಪ್ರಕರಣದ ನಡೆಯನ್ನು ಉದ್ಯಮಿಗಳು ಅವಶ್ಯ ತಿಳಿದಿರಬೇಕು. ಮಧ್ಯಪ್ರಾಚ್ಯದ ಸಂಸ್ಥೆಯೊಂದರ ನೌಕರನಿಗೆ ಮೊದಲು ಲಿಂಕ್ಡ್‌ಇನ್‌ನಲ್ಲಿ ಸಂದೇಶ ಬಂತು. ಛಾಯಾಗ್ರಹಣದ ಬಗ್ಗೆ ಕೆಲವು ದಿನ ಮಾತುಕತೆ ನಡೆಯಿತು. ಅನಂತರ ಸಂಭಾಷಣೆ ಫೇಸ್‌ಬುಕ್ಕಿಗೂ ವಾಟ್ಸ್‌ಆ್ಯಪ್‌ಗೂ ಸರಿಯಿತು. ಸುಮಾರು ಒಂದು ತಿಂಗಳಾದ ಮೇಲೆ ‘ಛಾಯಾಗ್ರಹಣ ಸಮೀಕ್ಷೆ’ ಎಂಬ ಎಕ್ಸೆಲ್ ಕಡತವನ್ನು ಕಳಿಸಿ, ಅದನ್ನು ಕಚೇರಿಯ ಗಣಕಯಂತ್ರದಲ್ಲಿಯೇ ತೆರೆಯುವಂತೆ ಕೋರಲಾಯಿತು. ಆ ಕಡತದೊಳಗೆ ಗಣಕಯಂತ್ರವನ್ನು ಪರರ ವಶಕ್ಕೆ ಕೊಡುವ ತಂತ್ರಾಂಶ ಅಡಗಿತ್ತು. ಸ್ನೇಹವಿನಂತಿ ಬಂದದ್ದು ನೌಕರನಿಗೆ, ಗುರಿಯಾಗಿದ್ದದ್ದು ಸಂಸ್ಥೆ. ನಮ್ಮ ಕಚೇರಿಗಳಲ್ಲಿ ಟ್ಯಾಲಿ ಇರುವ ಗಣಕಯಂತ್ರದಲ್ಲಿಯೇ ಫೇಸ್‌ಬುಕ್ಕನ್ನೂ ವಾಟ್ಸ್‌ಆ್ಯಪ್ ವೆಬ್ಬನ್ನೂ ತೆರೆದಿಟ್ಟುಕೊಳ್ಳುವ ಅಭ್ಯಾಸವನ್ನು ಮಾಲೀಕರು ಈ ದೃಷ್ಟಿಯಿಂದ ಒಮ್ಮೆ ಪರಾಮರ್ಶಿಸುವುದು ಒಳಿತು.

ಆದರೆ ಚಿತ್ರ ಬೇರೆಲ್ಲೂ ಸಿಗಲಿಲ್ಲವೆಂದ ಮಾತ್ರಕ್ಕೆ ವ್ಯಕ್ತಿ ನಿಜವೆಂದು ತೀರ್ಮಾನಿಸಲಾಗದು. 2019ರ ಜೂನ್ ತಿಂಗಳಲ್ಲಿ ಅಸೋಸಿಯೇಟೆಡ್ ಪ್ರೆಸ್ ಸುದ್ದಿಸಂಸ್ಥೆಯು ಲಿಂಕ್ಡ್‌ಇನ್‌ನ ‘ಕೇಟಿ ಜೋನ್ಸ್’ ಎಂಬ ಪ್ರೊಫೈಲಿನ ಬಗ್ಗೆ ವರದಿ ಮಾಡಿತು. ವಾಷಿಂಗ್ಟನ್ನಿನ ಗಣ್ಯರೊಡನೆ ಸಂಪರ್ಕ ಸಾಧಿಸಿದ್ದ ಆ ಪ್ರೊಫೈಲಿನ ಮುಖವು ಗಣಕಯಂತ್ರವೇ ಸೃಷ್ಟಿಸಿದ್ದೆಂದು ತಜ್ಞರು ಅಭಿಪ್ರಾಯಪಟ್ಟರು. ಜಗತ್ತಿನಲ್ಲಿ ಇಲ್ಲದ ಮುಖಕ್ಕೆ ಇನ್ನೊಂದು ಪ್ರತಿ ಸಿಗುವುದಾದರೂ ಹೇಗೆ? ಆಕೆ ಹೇಳಿಕೊಂಡಿದ್ದ ಅಧ್ಯಯನ ಸಂಸ್ಥೆಯನ್ನು ಪತ್ರಕರ್ತರು ವಿಚಾರಿಸಿದಾಗ ಆ ಹೆಸರಿನವರು ಅಲ್ಲಿ ಯಾರೂ ಇಲ್ಲವೆಂದು ತಿಳಿಯಿತು. ಮುಖದ ಪರೀಕ್ಷೆ ಸೋತ ಕಡೆ ಬಾಹ್ಯ ದೃಢೀಕರಣ ಗೆದ್ದಿತು.

ವಿಡಿಯೊ ಕರೆಯೂ ಈಗ ಸಂಪೂರ್ಣ ಪುರಾವೆಯಲ್ಲ. 2024ರ ಜನವರಿಯಲ್ಲಿ ಅರುಪ್ ಎಂಬ ಬ್ರಿಟಿಷ್ ಎಂಜಿನಿಯರಿಂಗ್ ಕಂಪನಿಯ ಹಾಂಗ್‌ಕಾಂಗ್ ಕಚೇರಿಯ ಹಣಕಾಸು ನೌಕರರೊಬ್ಬರು, ವಿಡಿಯೊ ಸಭೆಯಲ್ಲಿ ಕಂಡ ಮೇಲಧಿಕಾರಿಯ ಸೂಚನೆಯೆಂದು ನಂಬಿ ಸುಮಾರು 20 ಕೋಟಿ ಹಾಂಗ್‌ಕಾಂಗ್ ಡಾಲರುಗಳನ್ನು ವರ್ಗಾಯಿಸಿದರು. ಸಭೆಯಲ್ಲಿ ಕಾಣಿಸಿಕೊಂಡ ಮುಖಗಳು ಕೃತಕವಾಗಿದ್ದವು.

ಖಾತೆಯ ಚರಿತ್ರೆ

ಪ್ರೊಫೈಲಿನಲ್ಲಿ ಬಳಕೆದಾರ ಬರೆಯದೆ ಜಾಲತಾಣವೇ ದಾಖಲಿಸುವ ಕೆಲವು ವಿವರಗಳಿವೆ. ಲಿಂಕ್ಡ್‌ಇನ್‌ನಲ್ಲಿ ‘ಅಬೌಟ್ ದಿಸ್ ಪ್ರೊಫೈಲ್’ ಎಂಬಲ್ಲಿ ಖಾತೆ ತೆರೆದ ತಿಂಗಳು ಮತ್ತು ವರ್ಷ, ಭಾವಚಿತ್ರ ಹಾಗೂ ಸಂಪರ್ಕ ವಿವರಗಳನ್ನು ಬದಲಿಸಿದ ಕಾಲ ಕಾಣುತ್ತವೆ. ಇನ್‌ಸ್ಟಾಗ್ರಾಂನ ‘ಅಬೌಟ್ ದಿಸ್ ಅಕೌಂಟ್’ ವಿಭಾಗದಲ್ಲಿ ಸೇರಿದ ದಿನಾಂಕ ಮತ್ತು ದೇಶದ ವಿವರ ಇರುತ್ತದೆ. ಫೇಸ್‌ಬುಕ್‌ನಲ್ಲಿ ವ್ಯಾಪಾರಿ ಪುಟವಾದರೆ ‘ಪೇಜ್ ಟ್ರಾನ್ಸ್‌ಪರೆನ್ಸಿ’ಯಲ್ಲಿ ಪುಟ ಹುಟ್ಟಿದ ದಿನ, ಹಿಂದಿನ ಹೆಸರುಗಳು, ಅದನ್ನು ನಿರ್ವಹಿಸುವವರು ಯಾವ ದೇಶದಲ್ಲಿದ್ದಾರೆ ಎಂಬುದು ಸಿಗುತ್ತದೆ. ಪಾಣಿಪತ್‌ನ ಕಂಬಳಿ ತಯಾರಕರ ಪುಟವೊಂದರ ಹೆಸರು ಕಳೆದ ವರ್ಷದವರೆಗೆ ಯಾವುದೋ ಚಲನಚಿತ್ರ ಅಭಿಮಾನಿ ಸಂಘದ್ದಾಗಿದ್ದರೆ, ಅಷ್ಟೊಂದು ಸಾವಿರ ಅನುಯಾಯಿಗಳು ಎಲ್ಲಿಂದ ಬಂದರೆಂಬುದು ಸ್ಪಷ್ಟ.

ಹಳೆಯ ಖಾತೆಯೆಂದ ಕೂಡಲೇ ನಂಬಲಾಗದು. ಹಳೆಯ ಖಾತೆಗಳು ಕಳವಾಗುತ್ತವೆ, ಮಾರಾಟವೂ ಆಗುತ್ತವೆ. ಬರಹಗಳ ಓಟವನ್ನು ನೋಡಬೇಕು. ಏಳೆಂಟು ವರ್ಷಗಳಿಂದ ಹಬ್ಬ, ಮದುವೆ, ಅಂಗಡಿಯ ಪೂಜೆ ಎಂದು ಬೇರೆ ಬೇರೆ ಜನರ ನಡುವೆ ಬೆಳೆದು ಬಂದ ಖಾತೆಗೂ, ಒಂದೇ ವಾರದಲ್ಲಿ ಹಾಕಿದ ಇಪ್ಪತ್ತು ಚಿತ್ರಗಳಿರುವ ಖಾತೆಗೂ ವ್ಯತ್ಯಾಸ ಕಾಣದಿರದು. ಒಂದೇ ಕೈಬರಹ, ಒಂದೇ ಶಾಯಿಯಲ್ಲಿ ಮಾರ್ಚ್ ಕೊನೆಗೆ ಕುಳಿತು ಬರೆದ ಕಿರ್ದಿ ಪುಸ್ತಕವನ್ನು ಗುರುತಿಸಬಲ್ಲ ಕಣ್ಣಿಗೆ ಇದು ಕಷ್ಟವಲ್ಲ. ಇನ್ನು ‘ಲಾಕ್’ ಆಗಿರುವ ಪ್ರೊಫೈಲು: ಫೇಸ್‌ಬುಕ್ ಈ ಸೌಲಭ್ಯವನ್ನು ಭಾರತದಲ್ಲಿ 2020ರಲ್ಲಿ ಮುಖ್ಯವಾಗಿ ಮಹಿಳೆಯರ ರಕ್ಷಣೆಯ ದೃಷ್ಟಿಯಿಂದ ಒದಗಿಸಿತು. ಆದ್ದರಿಂದ ಬೀಗ ಹಾಕಿದ್ದೇ ಅಪರಾಧವಲ್ಲ. ಆದರೆ ವ್ಯಾಪಾರ ಕೇಳಿಕೊಂಡು ಬಂದವರು ತಮ್ಮ ಅಂಗಡಿಯ ಬಾಗಿಲನ್ನೇ ಮುಚ್ಚಿಕೊಂಡಿದ್ದರೆ ಕಾರಣ ಕೇಳುವ ಹಕ್ಕು ನಮಗಿದೆ.

ನೀಲಿ ಗುರುತಿನ ಬಗ್ಗೆ ಒಂದು ಮಾತು. ಟ್ವಿಟರ್ 2022ರ ನವೆಂಬರಿನಲ್ಲಿ ಹಣಕ್ಕೆ ನೀಲಿ ಗುರುತು ನೀಡತೊಡಗಿದ ಕೆಲವೇ ದಿನಗಳಲ್ಲಿ, ಇಲೈ ಲಿಲ್ಲಿ ಎಂಬ ಔಷಧ ಕಂಪನಿಯ ಹೆಸರಿನ ನಕಲಿ ಖಾತೆಯೊಂದು ಆ ಗುರುತಿನೊಡನೆ ‘ಇನ್ಸುಲಿನ್ ಉಚಿತ’ ಎಂದು ಪ್ರಕಟಿಸಿತು. ಕಂಪನಿ ತನ್ನ ನಿಜವಾದ ಖಾತೆಯಿಂದ ಸ್ಪಷ್ಟೀಕರಣ ನೀಡಿ ಕ್ಷಮೆ ಕೋರಬೇಕಾಯಿತು.

ಸಂಸ್ಥೆಯ ಹೆಸರು ಹೇಳಿದರೆ

ವಿನಂತಿ ಕಳಿಸಿದವರು ತಮ್ಮ ಸಂಸ್ಥೆಯ ಹೆಸರು ಹೇಳಿದ ಕೂಡಲೇ ನಮ್ಮ ಕೆಲಸ ಸುಲಭವಾಗುತ್ತದೆ. ಭಾರತದ ಸಂಸ್ಥೆಯಾದರೆ ಜಿಎಸ್‌ಟಿ ಸಂಖ್ಯೆಯನ್ನು ಕೇಳಿ. 15 ಅಂಕಿ ಅಕ್ಷರಗಳ ಈ ಸಂಖ್ಯೆಯಲ್ಲಿ ಮೊದಲ ಎರಡು ರಾಜ್ಯದ ಸಂಕೇತ (ಕರ್ನಾಟಕಕ್ಕೆ 29, ಮಹಾರಾಷ್ಟ್ರಕ್ಕೆ 27, ತಮಿಳುನಾಡಿಗೆ 33), ಮುಂದಿನ 10 ಪ್ಯಾನ್. ಪ್ಯಾನ್‌ನ ನಾಲ್ಕನೆಯ ಅಕ್ಷರ ‘ಪಿ’ ಆಗಿದ್ದರೆ ವ್ಯಕ್ತಿ, ‘ಎಫ್’ ಆಗಿದ್ದರೆ ಪಾಲುದಾರಿಕೆ ಸಂಸ್ಥೆ, ‘ಸಿ’ ಆಗಿದ್ದರೆ ಕಂಪನಿ. ‘ನಮ್ಮದು ಪ್ರೈವೇಟ್ ಲಿಮಿಟೆಡ್ ಕಂಪನಿ’ ಎಂದು ಹೇಳುವವರ ಸಂಖ್ಯೆಯಲ್ಲಿ ‘ಪಿ’ ಇದ್ದರೆ ಮಾತು ಅಲ್ಲಿಗೇ ನಿಲ್ಲಬೇಕು. ಜಿಎಸ್‌ಟಿ ಪೋರ್ಟಲ್‌ನ ‘ಸರ್ಚ್ ಟ್ಯಾಕ್ಸ್‌ಪೇಯರ್’ ವಿಭಾಗದಲ್ಲಿ ಸಂಖ್ಯೆಯನ್ನು ನಮೂದಿಸಿದರೆ ಕಾನೂನುಬದ್ಧ ಹೆಸರು, ವ್ಯಾಪಾರದ ಹೆಸರು, ನೋಂದಣಿಯ ದಿನಾಂಕ, ವ್ಯಾಪಾರಸ್ಥಳ, ನೋಂದಣಿ ಚಾಲ್ತಿಯಲ್ಲಿದೆಯೇ ರದ್ದಾಗಿದೆಯೇ ಎಂಬ ವಿವರ ದೊರೆಯುತ್ತದೆ. ರಿಟರ್ನ್‌ಗಳನ್ನು ಸಲ್ಲಿಸಿದ ಪಟ್ಟಿಯನ್ನೂ ನೋಡಬಹುದು. ಬಹಳ ಮಂದಿ ಇದನ್ನು ನೋಡುವುದೇ ಇಲ್ಲ. ನನ್ನ ಅಭಿಪ್ರಾಯದಲ್ಲಿ ಇದೇ ಅತ್ಯಂತ ಉಪಯುಕ್ತ ಭಾಗ. ಆರು ತಿಂಗಳಿಂದ ರಿಟರ್ನ್ ಸಲ್ಲಿಸದವರು ತಿಂಗಳಿಗೆ ಐದು ಲಾರಿ ಸರಕು ಬೇಕೆನ್ನುವುದು ಹೊಂದುವ ಮಾತಲ್ಲ.

ಇಲ್ಲಿ ಒಂದು ಸೂಕ್ಷ್ಮವಿದೆ. ನೋಂದಣಿಯ ದಿನಾಂಕ 1-7-2017 ಎಂದಿದ್ದರೆ ಸಂಸ್ಥೆ ಅಂದೇ ಹುಟ್ಟಿತೆಂದು ತಿಳಿಯಬಾರದು. ವ್ಯಾಟ್ ಕಾಲದ ಹಳೆಯ ವರ್ತಕರೆಲ್ಲ ಜಿಎಸ್‌ಟಿಗೆ ವರ್ಗಾವಣೆಗೊಂಡ ದಿನವದು. ಹಾಗೆಯೇ ಕಂಪನಿಯ 21 ಅಂಕಿ ಅಕ್ಷರಗಳ ಗುರುತಿನ ಸಂಖ್ಯೆಯಲ್ಲಿ ನಡುವೆ ಬರುವ ನಾಲ್ಕು ಅಂಕಿಗಳು ಸ್ಥಾಪನೆಯಾದ ವರ್ಷವನ್ನು ಸೂಚಿಸುತ್ತವೆ. ‘ಮೂವತ್ತು ವರ್ಷಗಳಿಂದ ಸೇವೆಯಲ್ಲಿ’ ಎಂದು ಬರೆದುಕೊಂಡಿದ್ದು, ಅಲ್ಲಿ 2023 ಎಂದಿದ್ದರೆ ವಿವರಣೆ ಕೇಳಬೇಕು. ತಂದೆಯ ಕಾಲದ ಪಾಲುದಾರಿಕೆ ಸಂಸ್ಥೆ ಕಂಪನಿಯಾಗಿ ಪರಿವರ್ತನೆ ಹೊಂದಿರುವುದು ಅಸಂಭವವೇನಲ್ಲ. ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯದ ಪೋರ್ಟಲಿನ ಮಾಸ್ಟರ್ ಡೇಟಾದಲ್ಲಿ ಕಂಪನಿಯ ಸ್ಥಿತಿ, ನೋಂದಾಯಿತ ಕಚೇರಿ, ನಿರ್ದೇಶಕರ ಹೆಸರುಗಳನ್ನು ಹಣ ಕೊಡದೆ ನೋಡಬಹುದು. ರಫ್ತುದಾರರೆಂದು ಹೇಳಿಕೊಂಡರೆ ಆಮದು ರಫ್ತು ಸಂಕೇತ ಸಂಖ್ಯೆ ಇರಲೇಬೇಕು, ವಿದೇಶ ವ್ಯಾಪಾರ ಮಹಾನಿರ್ದೇಶನಾಲಯದ ತಾಣದಲ್ಲಿ ಅದನ್ನು ಪರಿಶೀಲಿಸಬಹುದು.

ಹೊರದೇಶದವರಾದರೆ ಆಯಾ ದೇಶದ ದಫ್ತರು. ಬ್ರಿಟನ್ನಿನ ‘ಕಂಪನೀಸ್ ಹೌಸ್’ ಉಚಿತವಾಗಿ ಎಲ್ಲವನ್ನೂ ತೋರಿಸುತ್ತದೆ. ಆದರೆ ಅಲ್ಲಿ ನಿರ್ದೇಶಕರ ಗುರುತಿನ ಪರಿಶೀಲನೆ ಕಡ್ಡಾಯವಾದದ್ದು 2025ರ ನವೆಂಬರ್ 18ರಿಂದ. ಅದಕ್ಕೆ ಮುಂಚೆ ನೋಂದಣಿಯಾದ ಮಾತ್ರಕ್ಕೆ ವ್ಯಕ್ತಿ ನಿಜವೆಂದು ಹೇಳುವಂತಿರಲಿಲ್ಲ. ಸಿಂಗಪುರದಲ್ಲಿ ‘ಬಿಜ್‌ಫೈಲ್’ ಇದೆ. ಚೀನಾದ ಪ್ರತಿಯೊಂದು ಸಂಸ್ಥೆಗೂ 18 ಅಂಕಿ ಅಕ್ಷರಗಳ ಏಕೀಕೃತ ಸಂಕೇತವಿದ್ದು, ಬಿಡಿಭಾಗಗಳನ್ನು ತರಿಸುವವರು ಅದನ್ನು ಕೇಳಿ ಪಡೆಯಬೇಕು. ಅಮೆರಿಕೆಯಲ್ಲಿ ಕೇಂದ್ರೀಯ ದಫ್ತರಿಲ್ಲ, ಕಂಪನಿ ನೋಂದಣಿಯಾದ ರಾಜ್ಯದ ದಾಖಲೆಯನ್ನೇ ಹುಡುಕಬೇಕು.

ದಾಖಲೆ ನಿಜ, ವ್ಯಕ್ತಿ ಯಾರು?

ಬಹುಪಾಲು ವರ್ತಕರು ಇಲ್ಲಿಗೆ ಪರಿಶೀಲನೆ ಮುಗಿಯಿತೆಂದು ಭಾವಿಸುತ್ತಾರೆ. ವಾಸ್ತವದಲ್ಲಿ ಅರ್ಧ ಮಾತ್ರ ಮುಗಿದಿದೆ. ಜಿಎಸ್‌ಟಿ ಸಂಖ್ಯೆ ಪ್ರತಿಯೊಂದು ಬೀಜಕದ ಮೇಲೂ ಇರುತ್ತದೆ. ಅಂಗಡಿಯ ಫಲಕದ ಮೇಲೂ ಇರುತ್ತದೆ. ಯಾರು ಬೇಕಾದರೂ ನೋಡಿ ಬರೆದುಕೊಳ್ಳಬಹುದು. ಪೋರ್ಟಲಿನಲ್ಲಿ ದೊರೆತ ಮಾಹಿತಿ ಆ ಹೆಸರಿನ ಸಂಸ್ಥೆ ಇದೆ ಎಂಬುದನ್ನು ಸಿದ್ಧಪಡಿಸುತ್ತದೆಯೇ ಹೊರತು, ನಮಗೆ ಸಂದೇಶ ಕಳಿಸುತ್ತಿರುವವನು ಆ ಸಂಸ್ಥೆಯವನು ಎಂಬುದನ್ನಲ್ಲ. ವಂಚಕರು ಕಲ್ಪಿತ ಸಂಸ್ಥೆಗಿಂತ ಒಳ್ಳೆಯ ಹೆಸರಿರುವ ನಿಜವಾದ ಸಂಸ್ಥೆಯನ್ನೇ ಆರಿಸಿಕೊಳ್ಳುವುದು ಈ ಕಾರಣದಿಂದಲೇ.

ಒಂದು ಉದಾಹರಣೆಯನ್ನು ಇಟ್ಟುಕೊಳ್ಳೋಣ. ಬ್ಯಾಡಗಿಯ ಮೆಣಸಿನಕಾಯಿ ವರ್ತಕರೊಬ್ಬರಿಗೆ ಮಲೇಷ್ಯಾದ ಮಸಾಲೆ ಕಂಪನಿಯ ಖರೀದಿ ವ್ಯವಸ್ಥಾಪಕರೆಂದು ಹೇಳಿಕೊಂಡವರಿಂದ ಲಿಂಕ್ಡ್‌ಇನ್ ವಿನಂತಿ ಬರುತ್ತದೆ. ಕಂಪನಿ ನಿಜವಾದದ್ದು. ಸಂದೇಶದಲ್ಲಿ ಒಂದು ವಾಟ್ಸ್‌ಆ್ಯಪ್ ಸಂಖ್ಯೆ, ಒಂದು ಇ-ಮೇಲ್ ವಿಳಾಸ ಇವೆ. ವರ್ತಕರು ಅದೇ ಸಂಖ್ಯೆಗೆ ಕರೆ ಮಾಡಿ, ‘ನೀವು ಆ ಕಂಪನಿಯವರೇ?’ ಎಂದು ಕೇಳಿದರೆ ‘ಹೌದು’ ಎಂಬ ಉತ್ತರವೇ ಬರುತ್ತದೆ. ಅದು ಗುಮಾಸ್ತ ತಂದುಕೊಟ್ಟ ದೃಢೀಕರಣ ಪತ್ರ. ಬದಲಾಗಿ, ಕಂಪನಿಯ ಅಧಿಕೃತ ಜಾಲತಾಣವನ್ನು ತಾವೇ ಹುಡುಕಿ, ಅಲ್ಲಿನ ಮುಖ್ಯ ಕಚೇರಿಯ ಸಂಖ್ಯೆಗೆ ಕರೆ ಮಾಡಿ, ಖರೀದಿ ವಿಭಾಗದಲ್ಲಿ ಈ ಹೆಸರಿನವರು ಇದ್ದಾರೆಯೇ, ಬ್ಯಾಡಗಿ ಮೆಣಸಿನಕಾಯಿಯ ವಿಚಾರಣೆ ಕಳಿಸಿದ್ದಾರೆಯೇ ಎಂದು ಕೇಳಬೇಕು. ಇ-ಮೇಲ್ ವಿಳಾಸದ ‘ಅಟ್’ ಚಿಹ್ನೆಯ ನಂತರದ ಭಾಗವನ್ನು ಅಕ್ಷರ ಅಕ್ಷರವಾಗಿ ಓದಬೇಕು. ಇಂಗ್ಲಿಷಿನ ‘ಆರ್’ ಮತ್ತು ‘ಎನ್’ ಸಣ್ಣಕ್ಷರಗಳನ್ನು ಒತ್ತಾಗಿ ಬರೆದರೆ ‘ಎಂ’ನಂತೆ ಕಾಣುತ್ತದೆ. ಆ ಜಾಲತಾಣದ ಹೆಸರು ನೋಂದಣಿಯಾದ ದಿನಾಂಕವನ್ನು ‘ಐಕ್ಯಾನ್ ಲುಕಪ್’ ಎಂಬ ತಾಣದಲ್ಲಿ ನೋಡಬಹುದು. ಹಳೆಯ ಕಂಪನಿಯ ಜಾಲತಾಣ ಮೂರು ವಾರಗಳ ಹಿಂದೆ ನೋಂದಣಿಯಾಗಿದ್ದರೆ ಹೆಚ್ಚಿನ ವಿಚಾರಣೆಯ ಅಗತ್ಯವಿಲ್ಲ.

ವಿದೇಶದ ಖರೀದಿದಾರರ ವಿಷಯದಲ್ಲಿ ಅಲ್ಲಿನ ಭಾರತೀಯ ರಾಯಭಾರ ಕಚೇರಿಯ ವಾಣಿಜ್ಯ ವಿಭಾಗಕ್ಕೆ ಬರೆಯುವ ಮಾರ್ಗವೂ ಇದೆ. ಪಶ್ಚಿಮ ಆಫ್ರಿಕಾದಲ್ಲಿ ‘ಸರ್ಕಾರಿ ಟೆಂಡರ್ ಕೊಡಿಸುತ್ತೇವೆ, ಮೊದಲು ನೋಂದಣಿ ಶುಲ್ಕ ಕಳಿಸಿ’ ಎಂಬ ಬಗೆಯ ವಂಚನೆಗಳ ಬಗ್ಗೆ ನಮ್ಮ ರಾಯಭಾರ ಕಚೇರಿಗಳೇ ರಫ್ತುದಾರರಿಗೆ ಎಚ್ಚರಿಕೆ ನೀಡಿದ್ದುಂಟು. ನಿಜವಾದ ಖರೀದಿದಾರನಿಗೆ ಈ ಪರಿಶೀಲನೆಯಿಂದ ಬೇಸರವಾಗುವುದಿಲ್ಲ. ಆತನೂ ನಮ್ಮನ್ನು ಹೀಗೆಯೇ ಪರಿಶೀಲಿಸಿರುತ್ತಾನೆ. ಅವಸರಪಡಿಸುವವನು, ‘ಕಚೇರಿಗೆ ಕರೆ ಮಾಡಬೇಡಿ, ಇದು ಗೋಪ್ಯ’ ಎನ್ನುವವನು ತಾನಾಗಿಯೇ ತನ್ನ ಪರಿಚಯ ಹೇಳಿದಂತಾಯಿತು.

ಹಣದ ಮಾತು ಬಂದಾಗ

ಕೆಲವು ವಿನಂತಿಗಳಲ್ಲಿ ತಿಂಗಳುಗಟ್ಟಲೆ ಹಣದ ಮಾತೇ ಬರುವುದಿಲ್ಲ. ಕುಶಲ ಪ್ರಶ್ನೆ, ವ್ಯಾಪಾರದ ಕಷ್ಟಸುಖ, ನಂತರ ಷೇರು ವ್ಯವಹಾರದಲ್ಲಿ ತಾನು ಗಳಿಸಿದ ಲಾಭ, ಕೊನೆಗೆ ಒಂದು ಆ್ಯಪ್. ಹೂಡಿಕೆಯ ಸಲಹೆ ಕೊಡುವವರು ಸೆಬಿಯಲ್ಲಿ ನೋಂದಣಿ ಹೊಂದಿರಬೇಕು. ಸಲಹೆಗಾರರ ಸಂಖ್ಯೆ ‘ಐಎನ್‌ಎ’, ಸಂಶೋಧನಾ ವಿಶ್ಲೇಷಕರದ್ದು ‘ಐಎನ್‌ಎಚ್’, ದಲ್ಲಾಳಿಗಳದ್ದು ‘ಐಎನ್‌ಜಡ್’ ಎಂದು ಆರಂಭವಾಗುತ್ತದೆ. ಇಲ್ಲಿಯೂ ನಿಜವಾದ ಸಂಖ್ಯೆಯನ್ನು ಕದ್ದು ಬಳಸುವುದುಂಟು. 2025ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ‘ಸೆಬಿ ಚೆಕ್’ ಸೌಲಭ್ಯದಲ್ಲಿ ಹಣ ಸ್ವೀಕರಿಸುವ ಖಾತೆ ನೋಂದಾಯಿತ ಸಂಸ್ಥೆಯದೇ ಎಂಬುದನ್ನು ನೋಡಬಹುದಾದ್ದರಿಂದ ಈ ತೊಡಕು ನಿವಾರಣೆಯಾಗುತ್ತದೆ.

ಸರಬರಾಜುದಾರರಿಗೆ ಮುಂಗಡ ಕಳಿಸುವಾಗ ಖಾತೆಯ ಹೆಸರು ಜಿಎಸ್‌ಟಿ ದಾಖಲೆಯ ಹೆಸರಿನೊಡನೆ ತಾಳೆಯಾಗಲೇಬೇಕು. ಹಿಂದೆ ನೆಫ್ಟ್ ಮತ್ತು ಆರ್‌ಟಿಜಿಎಸ್‌ಗಳಲ್ಲಿ ಖಾತೆ ಸಂಖ್ಯೆ ಸರಿಯಿದ್ದರೆ ಹೆಸರನ್ನು ಯಾರೂ ನೋಡುತ್ತಿರಲಿಲ್ಲ. ಹಣ ಕಳಿಸುವ ಮುನ್ನ ಖಾತೆದಾರರ ಹೆಸರನ್ನು ತೋರಿಸುವ ವ್ಯವಸ್ಥೆಯನ್ನು 2025ರ ಏಪ್ರಿಲ್ 1ರೊಳಗೆ ಒದಗಿಸುವಂತೆ ರಿಸರ್ವ್ ಬ್ಯಾಂಕು ಬ್ಯಾಂಕುಗಳಿಗೆ ಸೂಚಿಸಿತ್ತು. ಬೀಜಕದಲ್ಲಿ ಸೂರತ್‌ನ ಜವಳಿ ಸಂಸ್ಥೆಯ ಹೆಸರಿದ್ದು, ಪರದೆಯ ಮೇಲೆ ಯಾರೋ ಖಾಸಗಿ ವ್ಯಕ್ತಿಯ ಉಳಿತಾಯ ಖಾತೆಯ ಹೆಸರು ಬಂದರೆ, ‘ಅವರು ನಮ್ಮ ಅಕೌಂಟೆಂಟರು’ ಎಂಬ ವಿವರಣೆಯನ್ನು ಒಪ್ಪತಕ್ಕದ್ದಲ್ಲ.

ಪರಿಚಿತರ ಹೆಸರಿನಲ್ಲಿ ಬಂದ ವಿನಂತಿ

ಅಪರಿಚಿತರಿಗಿಂತ ಪರಿಚಿತರ ಹೆಸರಿನ ವಿನಂತಿ ಹೆಚ್ಚು ಅಪಾಯಕಾರಿ. ಈಗಾಗಲೇ ಸ್ನೇಹಿತರ ಪಟ್ಟಿಯಲ್ಲಿರುವ ಸಗಟು ವರ್ತಕರ ಹೆಸರು, ಅವರದೇ ಭಾವಚಿತ್ರದೊಡನೆ ಎರಡನೆಯ ವಿನಂತಿ ಬಂದರೆ, ಅವರ ಹಳೆಯ ಖಾತೆ ಪಟ್ಟಿಯಲ್ಲಿ ಇನ್ನೂ ಇದೆಯೇ ಎಂದು ಮೊದಲು ನೋಡಿ. ಇದ್ದರೆ ಹೊಸದು ಬಹುತೇಕ ನಕಲಿ. ಅವರ ಹಳೆಯ ದೂರವಾಣಿ ಸಂಖ್ಯೆಗೆ ಕರೆ ಮಾಡಿ ತಿಳಿಸುವುದು ನಮ್ಮ ಕರ್ತವ್ಯವೂ ಹೌದು. ನಮ್ಮದೇ ಹೆಸರಿನ ನಕಲಿ ಖಾತೆ ಹುಟ್ಟಿದ್ದರೆ ಆ ಪ್ರೊಫೈಲಿನಲ್ಲಿರುವ ‘ರಿಪೋರ್ಟ್’ ಆಯ್ಕೆಯ ಮೂಲಕ ಪರರ ಸೋಗು ಎಂದು ದೂರು ಕೊಡಬೇಕು. ನಾಲ್ಕಾರು ಗಿರಾಕಿಗಳಿಂದಲೂ ಕೊಡಿಸಬೇಕು. ಮುಂಜಾಗ್ರತೆಯಾಗಿ ಸ್ನೇಹಿತರ ಪಟ್ಟಿ ಅನ್ಯರಿಗೆ ಕಾಣದಂತೆ ಸೆಟ್ಟಿಂಗ್‌ನಲ್ಲಿ ಬದಲಿಸಿಕೊಂಡರೆ, ನಕಲಿ ಖಾತೆಯವನಿಗೆ ಯಾರಿಗೆ ವಿನಂತಿ ಕಳಿಸಬೇಕೆಂಬುದೇ ತಿಳಿಯುವುದಿಲ್ಲ.

ಹಣ ಹೋಗಿದ್ದರೆ ಮೊದಲ ಕೆಲಸ 1930 ಸಂಖ್ಯೆಗೆ ಕರೆ. ಹಣ ಖಾತೆಯಿಂದ ಖಾತೆಗೆ ಸರಿಯುವ ಮುನ್ನ ತಡೆಹಿಡಿಯುವುದು ಆ ವ್ಯವಸ್ಥೆಯ ಉದ್ದೇಶವಾದ್ದರಿಂದ ಗಂಟೆಗಳ ಲೆಕ್ಕ ಮುಖ್ಯ. ಅನಂತರ ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲಿನಲ್ಲಿ ಅಥವಾ ಜಿಲ್ಲೆಯ ಸಿ.ಇ.ಎನ್. ಪೊಲೀಸ್ ಠಾಣೆಯಲ್ಲಿ ದೂರು. ಗಣಕಯಂತ್ರದ ಮೂಲಕ ಪರರ ಸೋಗಿನಲ್ಲಿ ವಂಚಿಸುವುದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಡಿ ಪ್ರಕರಣದಂತೆ 3 ವರ್ಷಗಳವರೆಗಿನ ಸೆರೆವಾಸ ಮತ್ತು 1 ಲಕ್ಷ ರೂಪಾಯಿವರೆಗಿನ ದಂಡಕ್ಕೆ ಗುರಿಯಾಗುವ ಅಪರಾಧ. ಭಾರತೀಯ ನ್ಯಾಯ ಸಂಹಿತೆಯ 319ನೆಯ ಪ್ರಕರಣವೂ ಅನ್ವಯಿಸುತ್ತದೆ.

ದೂರು ಕೊಡುವವರು ಸಾಮಾನ್ಯವಾಗಿ ಪ್ರೊಫೈಲಿನಲ್ಲಿ ಕಾಣುವ ಹೆಸರನ್ನಷ್ಟೇ ಬರೆದುಕೊಂಡಿರುತ್ತಾರೆ. ಹೆಸರು ಮರುದಿನವೇ ಬದಲಾಗಬಹುದು. ಆದ್ದರಿಂದ ಪ್ರೊಫೈಲಿನ ಪೂರ್ಣ ಕೊಂಡಿಯನ್ನು ನಕಲು ಮಾಡಿಟ್ಟುಕೊಳ್ಳಬೇಕು. ಸಂದೇಶಗಳನ್ನು ಅಳಿಸದೆ, ದಿನಾಂಕ ಮತ್ತು ವೇಳೆ ಕಾಣುವಂತೆ ಪರದೆಯ ಚಿತ್ರ ತೆಗೆಯಬೇಕು. ಸಂದೇಶಗಳಿರುವ ಮೊಬೈಲನ್ನು ಮಾರಬಾರದು, ರೀಸೆಟ್ ಮಾಡಬಾರದು. ಭಾರತೀಯ ಸಾಕ್ಷ್ಯ ಅಧಿನಿಯಮ, 2023ರ 63ನೆಯ ಪ್ರಕರಣದಂತೆ ವಿದ್ಯುನ್ಮಾನ ದಾಖಲೆಯ ಪ್ರತಿಯನ್ನು ನ್ಯಾಯಾಲಯಕ್ಕೆ ಹಾಜರುಪಡಿಸುವಾಗ ಪ್ರಮಾಣಪತ್ರ ಬೇಕಾಗುತ್ತದೆ. ಅದರ ‘ಎ’ ಭಾಗಕ್ಕೆ ದಾಖಲೆ ಒದಗಿಸುವವರು, ‘ಬಿ’ ಭಾಗಕ್ಕೆ ತಜ್ಞರು ಸಹಿ ಮಾಡಬೇಕು. ದಾಖಲೆಯ ಹ್ಯಾಶ್ ಸಂಖ್ಯೆಯನ್ನೂ ನಮೂದಿಸಬೇಕು. ಈ ಕಾಗದಪತ್ರಗಳನ್ನು ದೂರು ಕೊಡುವ ಹಂತದಲ್ಲಿಯೇ ವಕೀಲರ ನೆರವಿನಿಂದ ಸಿದ್ಧಪಡಿಸಿಕೊಂಡರೆ, ಮುಂದೆ ನಷ್ಟವನ್ನು ಲೆಕ್ಕಪುಸ್ತಕದಲ್ಲಿ ತೋರಿಸಿ ಆದಾಯ ತೆರಿಗೆ ಅಧಿಕಾರಿಗೆ ವಿವರಿಸಬೇಕಾಗಿ ಬಂದಾಗಲೂ ಅವೇ ಆಧಾರವಾಗಿ ಒದಗುತ್ತವೆ.